ಅಪ್ಪನ ಕಂಪ್ರೆಸರ್ ಬೇಡವೆಂದ ಮಗಳು

ಅಧ್ಯಕ್ಷರಾದ ಆದಿನಾರಾಯಣಪ್ಪನವರೇ, ಹಳೆಯ ವಿದ್ಯಾರ್ಥಿಗಳ ಸಂಘದ ಪದಾಧಿಕಾರಿಗಳೇ, ಊಟ ಮುಗಿದ ಮೇಲೂ ಎದ್ದು ಹೋಗದೆ ಕುಳಿತಿರುವ ತ್ಯಾಮಗೊಂಡ್ಲಿನ ಸಭಿಕರೇ,

ಈಗಷ್ಟೇ ನೀವು ಶಾಲು ಹೊದಿಸಿದ ಸಿಂಧು ನನ್ನ ಮಗಳು. ಅವಳ ಕೆಲಸವೇನೆಂದು ಕೇಳುವವರಿಗೆ ನಾನು ಅಡುಗೆಮನೆ ತೋರಿಸುತ್ತೇನೆ. ಪಾತ್ರೆ ಇಳಿಸಿದ ಮೇಲೂ ಒಲೆ ಉರಿಯುತ್ತಿದ್ದರೆ ನಮ್ಮ ತಾಯಿ ಲಕ್ಕಮ್ಮ ಸುಮ್ಮನಿರುತ್ತಿದ್ದರೇ? ಅಸ್ಸಾಮಿನ ಒಂದು ತೈಲಬಾವಿಯಲ್ಲಿ ಎಣ್ಣೆಯ ಜೊತೆ ಬರುವ ಅನಿಲವನ್ನು ವರ್ಷಗಟ್ಟಲೆ ಹಾಗೆಯೇ ಸುಡುತ್ತಿದ್ದರು. ಅದನ್ನು ಹಿಡಿದು ಬಳಸಲು ಯಾವ ಯಂತ್ರ ಸರಿ ಎಂದು ಆರಿಸುವ ಹೊಣೆ ಸಿಂಧುವಿನದಾಯಿತು.

ಅರಿಶಿನಕುಂಟೆಯ ಬೈರೇಶನ ವರ್ಕ್‌ಶಾಪು ನಿಮಗೆಲ್ಲ ಗೊತ್ತು. ಆ ಬೈರೇಶ ನಾನೇ. ಅನಿಲವನ್ನು ಒತ್ತಿ ಸಿಲಿಂಡರಿಗೆ ತುಂಬುವ ಕಂಪ್ರೆಸರ್ ಮಾಡುತ್ತೇವೆ. ಒಳ್ಳೆಯ ಕಂಪ್ರೆಸರ್. ಜಾಹೀರಾತಿಗಾಗಿ ಹೇಳುತ್ತಿಲ್ಲ, ಹೇಳಿದರೂ ತಪ್ಪೇನು? ಆ ಆರ್ಡರು ನಮಗೇ ಬರುತ್ತದೆಂದು ನಂಬಿ ಶೆಡ್ಡಿನ ಬಾಗಿಲನ್ನೂ ಅಗಲ ಮಾಡಿಸಿದ್ದೆ.

ಇದು ನಮ್ಮಪ್ಪನ ಕಂಪನಿ ಎಂದು ಅವಳು ಮೇಲಿನವರಿಗೆ ಮೊದಲೇ ತಿಳಿಸಿದ್ದಳು. ಆಮೇಲೆ ಮನೆಗೆ ಬಂದು, ಮುದ್ದೆ ಮುರಿಯುತ್ತಾ ಕೇಳಿದಳು: “ಅಪ್ಪಾ, ಅಲ್ಲಿ ಗ್ಯಾಸು ಒಂದಿನ ಜಾಸ್ತಿ, ಒಂದಿನ ಕಮ್ಮಿ. ಕಮ್ಮಿಯಾದ್ರೆ ನಿಮ್ಮ ಮಿಷಿನ್ನು ಓಡುತ್ತಾ?”

ನಾನು ಸಾರು ಬಡಿಸಿಕೊಂಡೆ. ಮತ್ತೆ ಕೇಳಿದಳು.

“ನಿಂತೋಗುತ್ತೆ ಕಣಮ್ಮ” ಎಂದೆ.

ಮಳೆಗಾಲದಲ್ಲಿ ಸಿಲಿಂಡರ್ ಲಾರಿ ಹೋಗುವಂಥ ದಾರಿಯೂ ಅಲ್ಲಿರಲಿಲ್ಲ. ಬಾವಿಯ ಪಕ್ಕದಲ್ಲೇ ಕರೆಂಟು ತಯಾರಿಸುವ ಚಿಕ್ಕ ಚಿಕ್ಕ ಗ್ಯಾಸ್ ಜನರೇಟರುಗಳನ್ನು ಅವಳು ಆರಿಸಿದಳು. ಅನಿಲ ಕಡಿಮೆಯಾದ ದಿನ ಒಂದೆರಡನ್ನು ನಿಲ್ಲಿಸಿ ಉಳಿದವನ್ನು ಓಡಿಸಬಹುದು. ಅವು ಬೇರೆಯವರು ಮಾಡಿದ ಜನರೇಟರುಗಳು. ನನಗೇನೂ ಬೇಜಾರಾಗಲಿಲ್ಲ. ಒಂದು ವಾರ ನಾನು ಮಾತಾಡದೆ ಇದ್ದದ್ದು ಗಂಟಲು ಕೆಟ್ಟಿದ್ದರಿಂದ.

ಚಾಲನೆ ಕೊಡುವ ದಿನ ನನ್ನನ್ನೂ ಕರೆದೊಯ್ದಳು. ನಮ್ಮ ವರ್ಕ್‌ಶಾಪಿನಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ ಯಂತ್ರದ ಸದ್ದು ಕೇಳುವುದು ಪದ್ಧತಿ. ನಾನು ಕೇಳಿ ಸರಿ ಎನ್ನದೆ ಯಾವ ಯಂತ್ರವೂ ಗೇಟು ದಾಟುವುದಿಲ್ಲ. ಸಿಂಧು ಬ್ಯಾಗಿನಿಂದ ನನ್ನದೇ ಹಳೆಯ ಸ್ಕ್ರೂಡ್ರೈವರು ತೆಗೆದು ಕೈಗೆ ಕೊಟ್ಟಳು. “ನೀವು ಹೇಳಿ ಅಪ್ಪ” ಎಂದಳು.

ಬೇರೆಯವರ ಯಂತ್ರಕ್ಕೆ ಕಿವಿಗೊಟ್ಟೆ. ಏನಾದರೂ ತಪ್ಪು ಸಿಗಲೆಂದು ಆಸೆಪಟ್ಟೆನೇ? ಪಟ್ಟಿರಬಹುದು. ಸಿಗಲಿಲ್ಲ. “ಸರಿಯಾಗೈತೆ” ಎಂದೆ. ಆಮೇಲೆಯೇ ಅವಳು ಚಾಲನೆಯ ಕಾಗದಕ್ಕೆ ಸಹಿ ಹಾಕಿದ್ದು. ಅವತ್ತು ಸಂಜೆ ಬಾವಿಯ ಬಳಿ ಅನಿಲ ಸುಡುವ ಆ ಉರಿ ಕಾಣಲಿಲ್ಲ, ಪಕ್ಕದ ಊರಿನ ಮನೆಗಳಲ್ಲಿ ದೀಪ ಹತ್ತಿತು.

ಹೆಮ್ಮೆಯಾಗುತ್ತದೆ, ಸಭಿಕರೇ, ಬಹಳ ಹೆಮ್ಮೆಯಾಗುತ್ತದೆ. ಅಪ್ಪನ ಯಂತ್ರ ಬೇಡವೆಂದವಳು, ಅಪ್ಪ ಕೇಳಿ ಹೇಳುವ ತನಕ ಕಾದಳು.

ಶೆಡ್ಡಿನ ಬಾಗಿಲು ಈಗಲೂ ಅಗಲವಾಗಿಯೇ ಇದೆ; ಕಂಪ್ರೆಸರ್ ಬೇಕಾದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು. ನನ್ನ ಮಗಳನ್ನು ಕರೆದು ಗೌರವಿಸಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.