ಕತ್ತಲೆ ಊಟ

ಬಾಗಿಲು ಹಾಕು. ಮೊದಲು ಬಾಗಿಲು ಹಾಕಯ್ಯ! ಬೆಳಕೆಲ್ಲ ಒಳಗೆ ಬಂದ್ಬಿಡುತ್ತೆ. ಬೆಳಿಗ್ಗೆಯಿಂದ ಒದ್ದಾಡಿ ಕತ್ತಲೆ ಮಾಡಿದ್ದೀನಿ ಇಲ್ಲಿ... ಹಾಕಿದೆಯಾ? ಚಿಲಕ? ಹ್ಞಾಂ. ಈಗ ಸರಿ.

ನೀನೇ ಅಂತ ಮೆಟ್ಟಿಲಲ್ಲೇ ಗೊತ್ತಾಯ್ತು. ಬಲಗಾಲಿನ ಬೂಟು ಕಿರ್ ಅನ್ನುತ್ತೆ. ಆರಕ್ಕೆ ಕರೆದ್ರೆ ಐದಕ್ಕೇ ಬಂದೆ. ಮುಂಚೆ ಬಂದವರಿಗೆ ಮುಂಚೆ ಊಟ ಇಲ್ಲ ಈ ಮನೇಲಿ. ಹೇಳಿದ್ದೀನಿ.

ಯಾಕೆ ನಗ್ತೀಯ?

ಏನಿದೆ ನಗೋಕೆ? ಚೀಟಿ ಕಳಿಸಿರಲಿಲ್ವಾ? ಕತ್ತಲೆ ಊಟ ಅಂತ. ದೀಪ ಇಲ್ಲ, ಮೇಣದಬತ್ತಿ ಇಲ್ಲ. ತಟ್ಟೇಲಿ ಏನಿದೆ ಅಂತ ಬಾಯಿಗೆ ಹೋದ್ಮೇಲೇ ತಿಳೀಬೇಕು. ಅದೇ ಥೀಮ್. ಥೀಮ್ ಅಂತೆ ಥೀಮ್! ನಿಮ್ಮಕ್ಕನ ಹುಚ್ಚು. ಮೂವತ್ತು ವರ್ಷದಿಂದ ತಿಂಗಳ ಮೊದಲ ಶನಿವಾರ, ಒಂದಲ್ಲ ಒಂದು ವೇಷ. ಈಗ ಅವಳು ಮಂಚ ಹಿಡಿದಳು, ಹುಚ್ಚು ನನಗೆ ಅಂಟಿತು.

ಮತ್ತೆ ನಗ್ತೀಯ! ನಗು, ನಗು. ನಿನ್ನ ಕೈ ನಿಂಗೇ ಕಾಣಲ್ಲ ಈ ಕತ್ತಲಲ್ಲಿ, ಗೊತ್ತಾ? ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದೀನಿ. ಎರಡು ಮಡಿಕೆ. ಬಲ್ಬೆಲ್ಲ ಬಿಚ್ಚಿ ಡಬ್ಬಿಗೆ ಹಾಕಿದ್ದೀನಿ. ಬೆಕ್ಕಿಗೂ ದಾರಿ ಕಾಣಬಾರದು.

ಅಲ್ಲೇ ನಿಲ್ಲು. ಎಡಕ್ಕೆ ಕುರ್ಚಿ ಇದೆ, ಮುಗ್ಗರಿಸ್ತೀಯ... ದಾಟಿ ಬಂದೆಯಾ? ತಾಗಲಿಲ್ವಾ? ಪರವಾಗಿಲ್ಲ. ಬೇಗ ಅಭ್ಯಾಸ ಆಯ್ತು ನಿಂಗೆ.

ಕೂತ್ಕೋ. ನಾನು ಚಮಚ ಜೋಡಿಸ್ತೀನಿ. ಎಂಟು ಜನ. ಬಲಕ್ಕೆ ಚಮಚ, ಎಡಕ್ಕೆ ಲೋಟ. ಕಣ್ಣು ಯಾಕೆ ಬೇಕು ಇದಕ್ಕೆ? ನಲವತ್ತು ವರ್ಷ ಅಚ್ಚುಮೊಳೆ ಜೋಡಿಸಿದ ಕೈ. ಪ್ರೆಸ್ಸಲ್ಲಿ ಕರೆಂಟು ಹೋದ್ರೆ ಎಲ್ಲ ಬೀಡಿ ಸೇದೋಕೆ ಹೋಗೋರು. ನಾನು ಬೆರಳಲ್ಲೇ ಅಕ್ಷರ ಹಿಡಿದು ಪುಟ ಮುಗಿಸ್ತಿದ್ದೆ. ಒಂದು ತಪ್ಪಿಲ್ಲ. ಮಾಲೀಕ ದೀಪ ಬಂದ್ಮೇಲೆ ಓದಿ ನೋಡೋನು. ಒಂದು ತಪ್ಪಿಲ್ಲ!

ಯಾಕೆ ಸುಮ್ಮನಾದೆ?

ನಕ್ಕಿದ್ದು ಸಾಕಾಯ್ತಾ? ಒಳ್ಳೇದು.

...ಅದಾ? ಲೋಟದ ಸದ್ದು. ನಿಮ್ಮಕ್ಕ. ಚಮಚದಲ್ಲಿ ಲೋಟ ಬಡೀತಾಳೆ. ಒಂದು ಸಲ ಬಡಿದ್ರೆ ನೀರು. ಎರಡು ಸಲ ಬಡಿದ್ರೆ ಬನ್ನಿ ಅಂತ. ಸೊಂಟ ಮುರ್ಕೊಂಡು ಎರಡು ವರ್ಷದಿಂದ ಮಲಗಿದ್ದಾಳೆ, ಕೂಗಿ ಕೂಗಿ ಗಂಟಲು ಹೋಗುತ್ತೆ. ಅದಕ್ಕೆ ಲೋಟ.

ಈಗ ಮೂರು ಸಲ ಬಡಿದಳಾ? ನಾನು ಎಣಿಸಲಿಲ್ಲ... ಮೂರು ಅಂದ್ರೆ ಏನಿಲ್ಲ. ತಮ್ಮ ಬಂದ ಅಂತ ಖುಷಿ. ಬಂದೆ ಕಣೇ! ಇರು!

ಆಮೇಲೆ ಹೋಗಿ ಮಾತಾಡ್ಸುವೆಯಂತೆ. ಮೊದಲು ನನ್ನ ಜೊತೆ ಕೂತ್ಕೋ.

ಏನದು ಕೈಗೆ ತಗೊಂಡೆ? ಗಲಗಲ ಅಂತು. ಔಷಧಿ ಡಬ್ಬಿ. ಇಡು. ಕತ್ತಲಲ್ಲಿ ಅದು ಹೇಗೆ ಸಿಕ್ತು ನಿಂಗೆ? ತಡಕಾಡಿದೆಯಾ. ಸರಿ, ಇಡು ಅಲ್ಲೇ. ಅದಿದ್ದ ಜಾಗದಲ್ಲೇ ಇಡು! ಒಂದು ಬೆರಳು ಆಚೀಚೆ ಆಗಬಾರದು.

ರಬ್ಬರ್ ಬ್ಯಾಂಡಾ? ಮುಚ್ಚಳ ಸಡಿಲ. ಅದಕ್ಕೆ. ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಮೂರನೇದಕ್ಕೆ ಮೂರು... ಸುಮ್ಮನೆ ಹಾಕಿದ್ದು. ಎಲ್ಲದಕ್ಕೂ ಕಾರಣ ಬೇಕಾ ನಿಂಗೆ? ತಕ್ಕಡಿ ಇನ್‌ಸ್ಪೆಕ್ಟರ್ ಬುದ್ಧಿ! ಅಂಗಡಿ ಅಂಗಡಿ ನುಗ್ಗಿ ತೂಕದ ಕಲ್ಲು ತಿರುಗಿಸಿ ನೋಡಿ ನೋಡಿ, ಭಾವನ ಮನೇಲೂ ಮೋಸ ಹುಡುಕ್ತೀಯ.

ಹಗ್ಗ. ಹೌದು, ಹಗ್ಗ ಕಟ್ಟಿದ್ದೀನಿ. ಅಡುಗೆಮನೆಯಿಂದ ಇಲ್ಲಿಗೆ, ಇಲ್ಲಿಂದ ಅವಳ ಕೋಣೆಗೆ. ಇವತ್ತು ಬರೋರಿಗೇ. ಹಿಡ್ಕೊಂಡು ಓಡಾಡಲಿ ಅಂತ. ಬೆಳಿಗ್ಗೆ ಕಟ್ಟಿದ್ದು.

ಮಾಸಿದೆಯಾ? ಇರಬಹುದು. ಹಳೇ ಹಗ್ಗ.

...ಕತ್ತಲಲ್ಲಿ ಮಾಸಿದ್ದು ಹೇಗೆ ಕಂಡಿತು ನಿಂಗೆ? ಕೈಗೆ ಜಿಡ್ಡು ತಾಗಿತಾ? ಹಾಗೆ ಹೇಳು ಮತ್ತೆ.

ನೋಡು. ನೀನು ಯಾಕೆ ಬೇಗ ಬಂದಿದ್ದೀಯ ಅಂತ ನಂಗೆ ಗೊತ್ತು. ಊಟಕ್ಕಲ್ಲ. ಹೋದ ತಿಂಗಳು ಫೋನಲ್ಲಿ ಏನಂದೆ? "ಭಾವ, ನಿಮ್ಮ ಕೈಲಿ ಆಗ್ತಿಲ್ಲ ಅನ್ನಿಸಿದ ದಿನ ಅಕ್ಕನ್ನ ಕರ್ಕೊಂಡು ಹೋಗ್ತೀನಿ." ಅಂದೆಯಾ ಇಲ್ವಾ? ನಿಮ್ಮನೇಲಿ ಖಾಲಿ ಇರೋದು ಒಂದು ಮಂಚ. ಒಂದೇ. ಅವಳು ಅಲ್ಲಿ. ನಾನು? ಅದನ್ನ ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಗ್ತಿದೆ ಕಣಯ್ಯ. ಎಲ್ಲ ಆಗ್ತಿದೆ. ಮಾತ್ರೆ ಹೊತ್ತಿಗೆ ಸರಿಯಾಗಿ. ಬೆನ್ನು ಒರೆಸ್ತೀನಿ, ತಲೆ ಬಾಚ್ತೀನಿ. ಆಲೂಗಡ್ಡೆ ಬೇಯಿಸಿದ್ದೀನಿ, ಮೊಟ್ಟೆ ಬೇಯಿಸಿದ್ದೀನಿ, ಸೂಪು ಒಲೆ ಮೇಲಿದೆ. ವಾಸನೆ ಬರ್ತಿಲ್ವಾ? ಕೈಲಾಗದವನು ಎಂಟು ಜನಕ್ಕೆ ಅಡುಗೆ ಮಾಡ್ತಾನಾ?

ನಿಲ್ಲಿಸಿಬಿಡಿ ಅಂತೀಯ. ಶನಿವಾರ ನಿಲ್ಲಿಸಿ ಅಂತ. ಹೇಗೆ ನಿಲ್ಲಿಸ್ಲಿ? ನಿಲ್ಲಿಸಿದ್ರೆ ಯಾಕೆ ಅಂತ ಕೇಳ್ತಾರೆ. ಹಲ್ಲಿನ ಡಾಕ್ಟರು ಕೇಳ್ತಾರೆ, ಫೋಟೋ ಸ್ಟುಡಿಯೋದವನು ಕೇಳ್ತಾನೆ, ಎಲ್ಲರಿಗಿಂತ ಮೊದಲು ನೀನು ಕೇಳ್ತೀಯ. ನಡೆಸಿದ್ರೆ ಪ್ರತಿ ತಿಂಗಳೂ ಹೊಸದೊಂದು ಹುಡುಕ್ಬೇಕು. ಜನವರಿಲಿ ರೈಲು ನಿಲ್ದಾಣದ ಊಟ. ಬಂದವರೆಲ್ಲ ಬಾಗಿಲಲ್ಲೇ ನಿಂತು ತಮ್ಮ ಹೆಸರು ಗಟ್ಟಿಯಾಗಿ ಕೂಗ್ಬೇಕು, ರೈಲು ಬಂತು ಅನ್ನೋ ಹಾಗೆ. ಏನು ನಕ್ಕರು! ಆಮೇಲೆ ತಲೆಕೆಳಗಿನ ಊಟ. ಬಂದವರೇ ಬಡಿಸ್ಬೇಕು, ಮನೆಯವನು ಕೂತಿರ್ಬೇಕು. ಆಮೇಲೆ ವೇಷದ ಊಟ. ಯಾರ ಗುರುತೂ ಯಾರಿಗೂ ಸಿಗಬಾರದು. ಒಂದೊಂದಕ್ಕೂ ರಾತ್ರಿಯೆಲ್ಲ ತಲೆ ಕೆರ್ಕೊಂಡಿದ್ದೀನಿ. ಬುಟ್ಟಿ ಖಾಲಿ. ಇನ್ನೊಂದು ಇಲ್ಲ ನನ್ನ ಹತ್ರ. ಇದು ಕೊನೇದು. ಕತ್ತಲೆ.

ಯಾಕೆ ಉಸಿರು ಹಾಗೆ ಬಿಡ್ತೀಯ?

ಫೋಟೋದವನು ನಿಂಗೂ ಹೇಳಿದನಾ ಅದನ್ನ? ಅವನ ಬಾಯಿಗೆ ಬೀಗ ಇಲ್ಲ! ತಮಾಷೆ ಕಣಯ್ಯ ಅದು. ಅವನು ಫೋಟೋ ಕೊಟ್ಟ, ನಾನು ಹಿಂಬದಿ ತಿರುಗಿಸಿ ನೋಡಿ "ಚೆನ್ನಾಗಿ ಬಂದಿದೆ" ಅಂದೆ. ಎಲ್ಲ ನಕ್ಕರು. ನಾನೂ ನಕ್ಕೆ. ಮುದುಕ ಒಂದು ತಮಾಷೆನೂ ಮಾಡಬಾರದಾ?

...ಮತ್ತೆ ಬಡೀತಾಳೆ. ಒಂದು, ಎರಡು, ಮೂರು. ಯಾಕೆ ಹೀಗೆ... ಇರೇ! ನಿನ್ನ ತಮ್ಮನೇ ಬಂದಿರೋದು! ಕೋಣೆಯೊಳಗೆ ಮಲಗಿ ಏನು ಕಂಡಿತು ಅವಳಿಗೆ? ಅಲ್ಲಿಂದ ಈ ಬಾಗಿಲ ಹತ್ರದ ನೆಲ ಬಿಟ್ಟು ಏನೂ ಕಾಣಲ್ಲ.

ಐದಾಯ್ತು ಚಮಚ. ಆರು. ಈ ಕಿಟಕಿ ಪಕ್ಕದ ಕುರ್ಚಿ ನಿಂಗೆ. ಇಲ್ಲಿ ಲೋಟ, ಇಲ್ಲಿ...

ಈ ಚಮಚ ಯಾಕೆ ಬೆಚ್ಚಗಿದೆ?

ನೀನು ಮುಟ್ಟಿದೆಯಾ? ಇಲ್ವಾ. ತಟ್ಟೆನೂ ಬೆಚ್ಚಗಿದೆ. ಮೇಜಿನ ಈ ತುದಿ ಎಲ್ಲ ಬೆಚ್ಚಗಿದೆ. ಬಿಸಿಲು ಬಿದ್ದ ಹಾಗೆ... ಐದು ಗಂಟೆ ಬಿಸಿಲು ಇಲ್ಲಿಗೇ ಬೀಳುತ್ತೆ. ಆದ್ರೆ ಬಟ್ಟೆ ಕಟ್ಟಿದ್ದೀನಲ್ಲ. ಕಟ್ಟಿದ್ದೀನಿ, ಇದೆ, ಇಲ್ಲೇ ಇದೆ. ಎರಡು ಮಡಿಕೆ. ಚದುರಂಗದ ಊಟ ಅಂತ ಮಾಡಿದ್ದಳು ನಿಮ್ಮಕ್ಕ, ನೆನಪಿದೆಯಾ? ಮೇಜಿನ ಅರ್ಧಕ್ಕೆ ಕಪ್ಪು, ಅರ್ಧಕ್ಕೆ ಬಿಳಿ. ಒಂದೇ ಅಂಗಡಿ, ಒಂದೇ ನೇಯ್ಗೆ, ಮೂರು ಮೂರು ಮೀಟರ್. ಎರಡೂ ಟ್ರಂಕಲ್ಲಿ ಒಂದರ ಮೇಲೊಂದು... ಕಪ್ಪು ಮೇಲೆ ಇಟ್ಟಿದ್ದೆ. ಮೇಲೇ ಇತ್ತು. ಅವಳು ನಿದ್ದೆ ಮಾಡ್ತಿದ್ದಳು. ಎಬ್ಬಿಸಿ ತೋರಿಸೋದು ಬೇಡ ಅಂದ್ಕೊಂಡೆ. ಒಂದು ದಿನ ಆದ್ರೂ ಅವಳನ್ನ ಕೇಳದೆ...

ಏನಯ್ಯ. ಈ ಬಟ್ಟೆ ಯಾವ ಬಣ್ಣ?

ಕೇಳ್ತಿದ್ದೀನಿ. ಯಾವ ಬಣ್ಣ ಇದು?

ಬಣ್ಣ ಹೇಳೋಕೆ ಏನಯ್ಯ ಕಷ್ಟ? ಎರಡಕ್ಷರ.

...

ಅದಕ್ಕೇ ನೀನು ನಕ್ಕೆ. ಬಂದ ತಕ್ಷಣ. ಮುದುಕ ಬಿಳಿ ಬಟ್ಟೆ ಕಟ್ಟಿ ಕತ್ತಲೆ ಅಂತಾನೆ, ಇದೂ ಒಂದು ಆಟ ಅಂದ್ಕೊಂಡೆ. ಆಮೇಲೆ ನಗು ನಿಂತಿತು. ಆವಾಗಿಂದ ನೋಡ್ತಾ ಕೂತಿದ್ದೀಯ. ಚಮಚ ಇಡೋದನ್ನ. ಹಗ್ಗ. ಡಬ್ಬಿ. ಎಲ್ಲ ಬೆಳಕಲ್ಲಿ.

ಮೊದಮೊದಲು ನೆರಳಾದ್ರೂ ತಿಳೀತಿತ್ತು. ಎರಡು ತಿಂಗಳಿಂದ ಅದೂ ಇಲ್ಲ. ಕಣ್ಣಿನ ಡಾಕ್ಟರು ಇನ್ನು ಬರೋದೇ ಬೇಡ ಅಂದ್ರು. ಅವಳು ಹೇಳ್ತಾಳೆ, ನಾನು ಮಾಡ್ತೀನಿ. ಒಲೆ ಎಷ್ಟು ಉರೀತಿದೆ ಅಂತ ಅವಳು ಮಂಚದಿಂದ ಸದ್ದು ಕೇಳಿ ಹೇಳ್ತಾಳೆ. ಮಾತ್ರೆ ಅವಳ ಅಂಗೈಗೆ ಹಾಕ್ತೀನಿ, ಅವಳು ನೋಡಿಯೇ ನುಂಗೋದು. ಒಂದು ದಿನ ತಪ್ಪಾಗಿಲ್ಲ. ಕೇಳು ಅವಳನ್ನೇ. ಇಬ್ಬರೂ ಸೇರಿದ್ರೆ ಒಬ್ಬ ಆಳು ಆಗ್ತೀವಿ. ಬಿಡಿಸಿದ್ರೆ... ಲೆಕ್ಕ ನೀನೇ ಹಾಕು. ತಕ್ಕಡಿಯವನಲ್ವಾ.

ಮಾತಾಡು. ಬೈಯಿ, ಪರವಾಗಿಲ್ಲ.

ಮತ್ತೆ ಮೂರು ಸಲ. ಮೂರು ಅಂದ್ರೆ ಏನು ಅಂತ ಕೇಳಿದೆಯಲ್ಲ. ಮೂರು ಅಂದ್ರೆ "ಹುಷಾರು, ಕಾಣಿಸ್ತಿದೆ" ಅಂತ. ಬಾಗಿಲ ಹತ್ರದ ನೆಲದ ಮೇಲೆ ಬೆಳಕು ಬಿದ್ದದ್ದು ಕಂಡಿತು ಅವಳಿಗೆ. ನೀನು ಬಂದಾಗಿಂದ ಬಡೀತಾನೇ ಇದ್ದಾಳೆ ಪಾಪ.

ಸಾಕು ಕಣೇ! ಬಡೀಬೇಡ. ಗೊತ್ತಾಯ್ತು ಇವನಿಗೆ.

...ನಿಲ್ಲಿಸಿದಳು.

ಅವಳ ಹತ್ರ ನಾನೇ ಹೋಗ್ತೀನಿ. ಮೊದಲು ನಾನು. ನೀನು ಆ ಸೂಪು ಇಳಿಸು, ತಳ ಹಿಡೀತಿದೆ.

ಕೈ ಬಿಡು. ಬಿಡು ಅಂದೆ. ಹಗ್ಗ ಇದೆ.