ಸೊಟ್ಟ ಗ್ವಾಡಿ

...ಅಲ್ಲವಾ ನೌಶೀನಾ, ಹಂಗ ಬಾಗಲದಾಗ ಕಾರಿನ ಕೀಲಿ ಕುಣಿಸ್ಕೋತ ನಿಂತ್ರ ಹೆಂಗ? ಒಳಗ ಬಾ, ಕುಂದರು. ಆಶ್ರಿತಾ ಲಾಸ್ ಏಂಜಲೀಸ್ ಬಿಟ್ಟಾಳಂತ, ಫ್ರೀವೇದಾಗ ಸಿಕ್ಕೊಂಡಾಳ, ಇನ್ನೂ ಅರ್ಧ ತಾಸು. ಆ ಕುರ್ಚಿ ಬ್ಯಾಡ, ಅದರ ಕಾಲು ಅಳ್ಳಾಡತಾವ... ಹಾಂ, ಇಲ್ಲೆ, ನನ್ನ ಬಾಜೂಕ. ನೀ ಈ ಮನಿಗೆ ಬರೂದು ಬಿಟ್ಟು ಎರಡು ವರ್ಷಾತು. ನಿನಗ ಹೇಳೂದೊಂದು ಮಾತೈತಿ. ಸಣ್ಣದು. ನಗೂ ಮಾತು.

ಯಾಕ, ಕೈಗಡಿಯಾರ ನೋಡ್ತಿ? ನಿನ್ನ ಕಾರ್ಲ್ಸ್‌ಬಾಡ್ ಊರು ಎಲ್ಲೂ ಓಡಿ ಹೋಗೂದಿಲ್ಲ. ಚಾ ಕುಡಿ.

ನಿನಗ ಗೊತ್ತಿದ್ದದ್ದನ್ನ ನಿನಗ ಹೇಳ್ತೇನಿ ಅಂತ ಬ್ಯಾಸರ ಮಾಡ್ಕೋಬ್ಯಾಡ. ಬುಡದಿಂದ ಹೇಳದಿದ್ರ ನನಗ ದಾರಿ ತಪ್ತೈತಿ. ಮೀರಾ ಮೆಸಾ ಅನ್ನೂ ಊರಿನ ಕೆಳಗ, ಕಣಿವ್ಯಾಗ, ಕುರಿ ಕಾಯೋರ ಹಳೇ ಕಲ್ಲಿನ ಮನಿ... ಛತ್ತ ಇಲ್ಲ, ಬಾಗಲಿಲ್ಲ, ಮೊಣಕಾಲ ಮಟ ಗ್ವಾಡಿ. ಅದರ ನಕಾಶೆ ಬರೀಬೇಕು ಅಂತ ನಿಮ್ಮ ಪ್ರೊಫೆಸರಮ್ಮ ನಿಮ್ಮಿಬ್ಬರನೂ ಕಳಿಸಿದ್ಲು. ಆಶ್ರಿತಾನ ಕೈಯಾಗ ಜಿಪಿಎಸ್, ನಿನ್ನ ಕೈಯಾಗ ದಿಕ್ಸೂಚಿ. "ಅಜ್ಜಿ ಮನ್ಯಾಗ ಒಬ್ಬಾಕೆ ಇರ್ತಾಳ" ಅಂತ ನನ್ನೂ ಹತ್ತಿಸ್ಕೊಂಡು ಹೋದ್ರಿ. ನನ್ನ ಮೊಮ್ಮಗಳಿಗೆ ಕನ್ನಡ ತಿಳೀತೈತಿ, ಆದ್ರ ಬಾಯಾಗ ಬರೂದು "ಓಕೆ ಅಜ್ಜಿ", ಅಷ್ಟ! ದಾರಿ ತುಂಬಾ ನನ್ನ ಕೂಡ ಮಾತಾಡಿದಾಕಿ ನೀನ. ನಿಮ್ಮ ಮೈಸೂರಿನ ಮಾತು, ನೀವು ತಾವು ಅಂತ... ಯವ್ವಾ, ನಾ ಏನು ದೊಡ್ಡ ದೇಸಾಯರಾಕಿಯೇನು ಅಂತ ನಕ್ಕಿದ್ದೆ.

ಗ್ವಾಡಿ ಮ್ಯಾಲೆ ಬಾಗಿದ ದೊಡ್ಡ ದೊಡ್ಡ ಮರ. ಮರದ ಬುಡಕ ಹೋದ್ರ ಜಿಪಿಎಸ್‌ಗೆ ಮ್ಯಾಲಿನ ಉಪಗ್ರಹ ಕಾಣಂಗಿಲ್ಲಂತ, ನಿಂತಲ್ಲೇ ನಿಂತ್ರೂ ಹತ್ತು ಮಾರು ಆಚೆ ತೋರಸ್ತಿತ್ತು. ಅದಕ್ಕ ನೀವು ಬಯಲಾಗ ಒಂದ ಜಾಗ ಹಿಡಿದ್ರಿ, ಅಲ್ಲಿಂದ ದಿಕ್ಸೂಚಿ ಹಚ್ಚಿ ಒಂದೊಂದ ಮೂಲಿ ನೋಡೂದು, ಟೇಪ್ ಹಿಡದು ಅಳಿಯೂದು, ಪುಸ್ತಕದಾಗ ಬರಿಯೂದು. ದಿಕ್ಸೂಚಿ ಇಡಾಕ ಸಪಾಟ ಜಾಗ ಬೇಕಲ್ಲ? ನಾ ಮಡಚೂ ಕಟಗಿ ಕುರ್ಚಿ ಮ್ಯಾಲೆ ಕುಂತಿದ್ದೆ, ನನ್ನ ತೊಡಿ ಮ್ಯಾಲೆ ಹಲಗಿ ಇಟ್ಟಿ. "ಅಜ್ಜಿ, ನೀವೇ ನಮ್ಮ ಟೇಬಲ್ಲು!" ಅಂದಿ. ನನಗೂ ಖುಷಿ. ಈ ವಯಸ್ಸಿನ್ಯಾಗ ಯಾರಿಗಾದ್ರೂ ಟೇಬಲ್ ಆದ್ನಲ್ಲ!

ಈಗ ನಗೂ ಮಾತು ಬಂತು ನೋಡು. ನೀ ಏನಂದಿ? "ಅಜ್ಜಿ, ಮೆಟಲ್ ಏನಾದ್ರೂ ಇದ್ರೆ ತೆಗೆದು ದೂರ ಇಡಿ." ನಾ ಏನು ಮಾಡಿದೆ? ಮೆಟ್ಟು ಬಿಟ್ಟೆ! ಕಾಲಾಗಿನ ಮೆಟ್ಟು ಕಳದು, ದೂರ ತಳ್ಳಿ, ಬರಿಗಾಲಲೆ ಕುಂತೆ. ದಿಕ್ಕು ತೋರ್ಸೂ ವಸ್ತು, ದೇವರಿದ್ದಂಗ, ಮೆಟ್ಟು ಹಾಕ್ಕೊಂಡು ಮುಟ್ಟಬಾರದೇನೋ ಅಂತ! ಮೆಟಲ್ ಅಂದ್ರ ಕಬ್ಬಣ ಅಂತ ನನಗ ಗೊತ್ತಾದದ್ದು ನಿನ್ನಿ. ನಿನ್ನಿ, ಫೋನಿನ್ಯಾಗ ಆಶ್ರಿತಾ ಏನೋ ಹೇಳೂ ಮುಂದ... ಹಲಗಿ ಬುಡಕ, ಉಡಿಯಾಗ, ನನ್ನ ಎಲಿ ಅಡಕಿ ಸಂಚಿ ಇತ್ತು. ಸಂಚಿಯಾಗ ಅಡಕಿ ಕತ್ತರಸೂ ಅಡಕೊತ್ತು. ನಮ್ಮವ್ವ ಕೊಟ್ಟದ್ದು, ಅಚ್ಚ ಕಬ್ಬಣದ್ದು.

ನಗು ಬರಲಿಲ್ಲೇನು?

...ಇರಲಿ. ನಗು ಹೆಂಗ ಬರ್ತೈತಿ. ನಕಾಶೆ ಬರದು ನೋಡಿದ್ರ ಮನಿ ತಿರುಗಿ ಕುಂತಿತ್ತು. ಹಳ್ಳದ ಗುಂಟ ಇರಬೇಕಾದ ಗ್ವಾಡಿ ಹಳ್ಳಕ್ಕ ಅಡ್ಡ! ಪರ್ಮಿಟ್ ಮುಗದಿತ್ತು, ಮತ್ತ ಅಳಿಯಾಕ ಬಿಡಲಿಲ್ಲ. ಪುಸ್ತಕದಾಗಿನ ಅಕ್ಷರ ನಿನ್ನವು. ಕೆಲಸದಾಗ ಲಕ್ಷ್ಯ ಇಲ್ಲದಾಕಿ ಅಂತ ನಿನ್ನ ಕೈಬಿಟ್ರು. ಮುಂದ ಲಾಸ್ ಏಂಜಲೀಸಿನ್ಯಾಗ ನಿಮ್ಮಿಬ್ಬರಿಗೂ ಇದ್ದ ನಕಾಶೆ ಕೆಲಸಕ್ಕ ಆಶ್ರಿತಾ ಒಬ್ಬಾಕೆ ಹೋದ್ಲು.

ಚಾ ಆರಿತು. ಬ್ಯಾಡಾ? ಅಡಕಿ ತಿಂತಿ? ತಗೋ, ಸಣ್ಣಗ ಕುಟ್ಟೇನಿ. ಎರಡು ವರ್ಷದಿಂದ ಕಲ್ಲಾಗ ಕುಟ್ಟಿನ ತಿನ್ನೂದು, ಅಡಕೊತ್ತು ಮುಟ್ಟೇ ಇಲ್ಲ...

...

ಯಾಕ ಹಂಗ ನೋಡ್ತಿ?

ಏನರೆ ಅನ್ನವಾ. ಬೈ ಬೇಕಾದ್ರ.

ಹೌದು. ನನಗ ಗೊತ್ತಾದದ್ದು ನಿನ್ನಿ ಅಲ್ಲ.

ನಿನ್ನ ಕೈಬಿಟ್ಟ ಆ ವಾರನ. ಇದ ಟೇಬಲ್. ಆಶ್ರಿತಾ ದಿಕ್ಸೂಚಿ ಇಲ್ಲಿಟ್ಟು ಜಳಕಕ್ಕ ಹೋಗಿದ್ಲು. ನಾ ಅಡಕಿ ಕತ್ತರಸಾಕ ಕುಂತೆ. ದಿಕ್ಸೂಚಿ ಮುಳ್ಳು ಅಳ್ಳಾಡಿತು. ಅಡಕೊತ್ತು ಆ ಕಡೆ ಸರಿಸಿದೆ, ಅದೂ ಆ ಕಡೆ ತಿರಗಿತು. ಈ ಕಡೆ ತಂದೆ, ಈ ಕಡೆ. ನಾ ಸಾಲಿ ಕಲ್ತಾಕಿ ಅಲ್ಲ, ಆದ್ರ ಅಷ್ಟು ತಿಳಿಯೂದಿಲ್ಲೇನು? ಜಳಕದ ಮನಿ ಬಾಗಲಾ ತಗದ ಸದ್ದಾತು. ಅಡಕೊತ್ತು ಸೆರಗಿನ್ಯಾಗ ಸುತ್ತಿದೆ.

ಹೇಳಿದ್ರ, ಅಜ್ಜೀನ ಕೆಲಸದ ಜಾಗಾಕ್ಕ ಕರಕೊಂಡು ಬಂದಾಕಿ ಯಾರು ಅಂತ ಕೇಳತಿದ್ರು. ಆಶ್ರಿತಾನೂ ಹೋಗತಿದ್ಲು. ನಿಮ್ಮಿಬ್ಬರ ಕುರ್ಚಿಯಾಗ ಒಂದು ಹೆಂಗೂ ಹೋಗೇತಿ, ಇನ್ನೊಂದರೆ ಉಳೀಲಿ ಅಂತ... ನನ್ನ ಹುಡುಗೀದು ಉಳೀಲಿ ಅಂತ. ನಾಳೆ ಹೇಳೋಣ, ಆಕಿ ಪರೀಕ್ಷಾ ಮುಗೀಲಿ, ಆಕಿಗೆ ನೌಕರಿ ಆಗಲಿ... ಸಾಕಾಗಿ ಹೋಗೇತಿ ನನಗ, ಮಗಳ. ಹೇಳೂದಕ್ಕಿಂತ ಹೇಳದ ಇರೂದ ಜಾಸ್ತಿ ದಣಸ್ತು.

ಈಗ ನೋಡು, ಯಾರ್‍ಯಾರಿಗೆ ಏನೇನಾತು. ಆಶ್ರಿತಾ ಕಲ್ತು ಮುಗಿಸಿದ್ಲು, ಹಳೇ ಕಟ್ಟಡ ಕಾಯೂ ಆಫೀಸಿನ್ಯಾಗ ನೌಕರಿ, ಆಕಿಗೆ ಇದು ಏನೇನೂ ಗೊತ್ತಿಲ್ಲ. ಪ್ರೊಫೆಸರಮ್ಮ ಇನ್ನೂ ಪಾಠ ಹೇಳ್ತಾಳ, ಪ್ರತಿ ವರ್ಷ ಹೊಸ ಹುಡುಗರಿಗೆ ಆ ನಕಾಶೆ ತೋರಿಸಿ, ಹಿಂಗ ಮಾಡಬ್ಯಾಡ್ರಿ ಅಂತಾಳಂತ. ನೀ ಕಾರ್ಲ್ಸ್‌ಬಾಡಿನ್ಯಾಗ ಔಷಧದ ಸೀಸೆಗೆ ಚೀಟಿ ಅಂಟಸ್ತಿ. ಕುರಿ ಕಾಯೋರ ಗ್ವಾಡಿ ನೆಲದ ಮ್ಯಾಲೆ ನೆಟ್ಟಗ ಐತಿ, ಹಾಳಿ ಮ್ಯಾಲೆ ಸೊಟ್ಟ, ಅದರ ಬುಡಕ ನಿನ್ನ ಹೆಸರು. ಅಡಕೊತ್ತು ನನ್ನ ಸೂಟ್‌ಕೇಸಿನ್ಯಾಗ, ಕಾಲುಚೀಲದೊಳಗ, ತುಕ್ಕು ಹಿಡದೈತಿ.

ಗರಾಜಿನ ಬಾಗಲಾ ಏಳಾಕತ್ತೈತಿ. ಬಂದ್ಲು ಆಕಿ.

ಕೈ ಕೊಡಬ್ಯಾಡ, ನಾನ ಏಳ್ತೇನಿ. ಆಕಿ ಒಳಗ ಬರೂದ್ರಾಗ ಆ ಅಡಕೊತ್ತು ತಂದು ಈ ಟೇಬಲ್ ಮ್ಯಾಲೆ ಇಡಬೇಕು.

ನೀ ಕುಂದರು.