ಆರರ ಸೆಟ್ಟಿನ ನೀಲಿ ಬಟ್ಟಲು

ಮಧ್ಯಾಹ್ನ ಹಿಡಿದ ಮಳೆ ಹೊತ್ತು ಮುಳುಗಿದರೂ ಬಿಟ್ಟಿರಲಿಲ್ಲ. ಅಮೆರಿಕದ ಕೆರೊಲಿನಾ ಕರಾವಳಿಯ ಆ ದ್ವೀಪದಲ್ಲಿ ಭತ್ತದ ಗದ್ದೆಯಿಂದ ಓಡಿಬಂದವರೆಲ್ಲ ಜೆರುಷಾ ಅಜ್ಜಿಯ ಜಗಲಿಯಲ್ಲಿ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದರು. ಜಡ್ಜ್ ಸಾಹೇಬರ ಮನೆಯಲ್ಲಿ ಕೆಲಸಕ್ಕಿದ್ದ ಡೆಲಿಯಾಳೂ ಅಲ್ಲಿದ್ದಳು. ಬೆಳಿಗ್ಗೆ ಸಾಹೇಬರ ಕುದುರೆಗಾಡಿ ಈ ಗುಡಿಸಲ ಮುಂದೆ ಯಾಕೆ ನಿಂತಿತ್ತು ಎಂಬ ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. ಕೇಳಿಯೇಬಿಟ್ಟಳು. ಅಜ್ಜಿ ಸಿಪ್ಪೆಯನ್ನು ಮಳೆಗೆ ಎಸೆದಳು.

"ಹೇಳ್ತೀನಿ. ಆದ್ರೆ ಮೊದಲಿಂದ ಹೇಳ್ಬೇಕು... ನಡುವೆ ಬಾಯಿ ಹಾಕ್ಬೇಡಿ.

"ನಮ್ಮಜ್ಜಿ ಬೈನಾ ಈ ಜಡ್ಜನ ಅಜ್ಜಿ ಮನೆ ಆಳು. ಆಳು ಅಂತ ಯಾಕೆ ಮೆತ್ತಗೆ ಹೇಳ್ಲಿ, ಗುಲಾಮಳು. ಅವಳಿಗಿಬ್ರು ಹೆಣ್ಮಕ್ಕಳು. ದೊಡ್ಡೋಳು ಫೀಬಿ, ಚಿಕ್ಕೋಳು ಹ್ಯಾಗರ್, ಅಂದ್ರೆ ನಮ್ಮಮ್ಮ. ಆ ಮನೆ ದೊರೆಸಾನಿ ಮಗನಿಗೆ ಜ್ವರ ಬಂದಾಗ ಹನ್ನೊಂದು ದಿನ ನಿದ್ದೆಗೆಟ್ಟು ನೋಡ್ಕೊಂಡೋಳು ಫೀಬಿ. ಆ ಹುಡುಗನೇ ಈ ಜಡ್ಜನ ಅಪ್ಪ. ಅವನು ಎದ್ದು ಕೂತ, ಇವಳು ಮಲಗಿದ್ಲು... ಕೊನೇಲಿ ನೀರು ಕೇಳ್ದಾಗ ತಂಗಿ ಗಾಬ್ರೀಲಿ ಕೈಗೆ ಸಿಕ್ಕಿದ ಬಟ್ಟಲಲ್ಲಿ ಕೊಟ್ಲು. ಅದು ದೊರೆಸಾನಿಯ ನೀಲಿ ಹೂವಿನ ಪಿಂಗಾಣಿ ಬಟ್ಟಲು.

"ಸತ್ತೋರು ಕೊನೇಲಿ ಕುಡಿದ ಬಟ್ಟಲನ್ನ ಗೋರಿ ಮೇಲಿಟ್ಟು ಒಡೀತೀವಲ್ಲ, ಯಾಕೆ? ಒಡೀದಿದ್ರೆ ಅವರ ಬಾಯಾರಿಕೆ ತೀರಲ್ಲ. ಬಟ್ಟಲಿರೋ ಮನೆಗೇ ಬಂದು ಒಬ್ಬೊಬ್ಬರನ್ನೇ ಜೊತೆಗೆ ಕರೀತಾರೆ. ಒಡೆಯೋದೂ ಸ್ವಂತ ರಕ್ತದೋರ ಕೈಯೇ ಆಗ್ಬೇಕು. ಬೈನಾ ಕಲ್ಲು ಎತ್ತಿದ್ಲು ಕಣ್ರೇ, ಇನ್ನೇನು ಒಡೀಬೇಕು... ದೊರೆಸಾನಿ ಬಂದು ಬಟ್ಟಲು ಎತ್ಕೊಂಡ್ಲು. 'ಇದು ಆರರ ಸೆಟ್ಟು. ಒಂದು ಹೋದ್ರೆ ಸೆಟ್ಟೇ ಕೆಡುತ್ತೆ' ಅಂದ್ಲು. ತನ್ನ ಮಗನ್ನ ಉಳಿಸಿದ ಹುಡುಗಿ ಮಣ್ಣೊಳಗಿದ್ದಾಳೆ, ಇವಳಿಗೆ ಸೆಟ್ಟಿನ ಚಿಂತೆ. ಇವತ್ತಿಗೂ ನನ್ನ ಹೊಟ್ಟೆ ಉರೀತದೆ.

"ಆಮೇಲೆ ಶುರುವಾಯ್ತು. ಆ ಬಟ್ಟಲಿಗೆ ಟೀ ಸುರಿದು ಆಚೆ ತಿರುಗಿದ್ರೆ ಸಾಕು, ಖಾಲಿ. ಮೊದಲು ದೊರೆಸಾನಿ ಅಣ್ಣ ಹೋದ, ಆಮೇಲೆ ಗಂಡ. ಇಬ್ರೂ ಸಾಯೋ ಮುಂಚೆ, ಯಾರೋ ಕಿವೀಲಿ ನೀರು ಕೇಳ್ತಾರೆ ಅಂದಿದ್ರಂತೆ. ಒಂದಿನ ಹ್ಯಾಗರ್ ಬಂದು, ಅಕ್ಕ ನನ್ನನ್ನೂ ನೀರು ಕೇಳಿದ್ಲು ಅಂದ್ಲು. ಅಕ್ಕನ ಕೆಲಸ ಇವಳ ತಲೆಗೇ ಕಟ್ಟಿದ್ರು, ಇವಳು ಮಲಗೋದೂ ಆ ಮನೇಲೇ. ಬೈನಾ ಓಡಿಹೋಗಿ ದೊರೆಸಾನಿ ಕಾಲು ಹಿಡಿದ್ಲು, ಬಟ್ಟಲು ಕೊಡಿ ಅಂತ. ಸಿಕ್ಕಿದ್ದೇನು? ಚಾಟಿ ಏಟು.

"ಮಾರನೇ ದಿನ ದೊರೆಸಾನಿ ತಾನೇ ಬಟ್ಟಲನ್ನ ಬಟ್ಟೇಲಿ ಸುತ್ಕೊಂಡು ಬಂದ್ಲು. ಆ ದನಿ ಅವಳ ಕಿವಿಗೂ ಬಿದ್ದಿತ್ತು... ಒಡಿ ಅಂದ್ಲು. 'ಮೊದ್ಲು ನನ್ನ ಮಗಳು ನನ್ನ ಹತ್ರ ಬರ್ಲಿ. ಇನ್ಮೇಲೆ ಅವಳು ಆ ಹೊಸಲು ತುಳಿಯಲ್ಲ ಅಂತ ಎಲ್ಲರೆದುರು ಹೇಳಿ' ಅಂದ್ಲು ಬೈನಾ. ದೊರೆಸಾನಿ ಹೇಳಿದ್ಲು. ಹ್ಯಾಗರ್ ಗಂಟು ಹೊತ್ಕೊಂಡು ಬಂದ್ಲು. ಆಗ ಬೈನಾ ಬಟ್ಟಲು ತಗೊಂಡು, ಲಂಗದ ಅಂಚಲ್ಲಿ ಒರೆಸಿ, ವಾಪಸ್ ಅವಳ ಕೈಗೇ ಇಟ್ಲು. 'ಆರರ ಸೆಟ್ಟಲ್ವಾ ಅಮ್ಮಾವ್ರೇ. ಕೆಡೋದು ಬೇಡ.'

"ದೊರೆಸಾನಿ ಆ ವಾರ ದಾಟಲಿಲ್ಲ."

ಅಜ್ಜಿ ಇನ್ನೊಂದು ಕಡಲೆಕಾಯಿ ಸುಲಿದಳು.

"ಯುದ್ಧ ಆಯ್ತು, ಬಿಡುಗಡೆ ಬಂತು. ನಮ್ಮ ಗಂಡಸರಿಗೆ ಓಟೂ ಬಂತು... ಈಗ ಅದೂ ಹೋಯ್ತು. ಡೆಲಿಯಾ, ಓದೋಕೆ ಬರಲ್ಲ ಅಂತ ನಿನ್ನ ಗಂಡನ್ನ ಓಟಿನ ಬಾಗಿಲಿಂದ ಆಚೆ ಅಟ್ಟಿದ್ದು ಯಾರು? ಈ ಜಡ್ಜೇ ಅಲ್ವಾ? ಅವನೇ ಇವತ್ತು ಈ ಮೆಟ್ಟಿಲ ಹತ್ರ ಟೋಪಿ ತೆಗೆದು ನಿಂತಿದ್ದ. ಕೈಲಿ ಬಟ್ಟೇಲಿ ಸುತ್ತಿದ ಅದೇ ಬಟ್ಟಲು. ಈಗ ಅವನ ಕಿವಿಗೂ ಆ ದನಿ ಬಿದ್ದಿದೆಯಂತೆ. ಫೀಬಿ ರಕ್ತದಲ್ಲಿ ಉಳಿದಿರೋಳು ನಾನೊಬ್ಳೇ ನೋಡು... ಒಡೆದುಕೊಡು ಅಂದ."

"ನೀನೇನಂದೆ ಅಜ್ಜಿ?"

"ನಮ್ಮಜ್ಜಿ ಅಂದದ್ದನ್ನೇ."

ಡೆಲಿಯಾಳಿಗೆ ನಿನ್ನೆಯದು ನೆನಪಾಯಿತು. ನೀಲಿ ಹೂವಿನ ಬಟ್ಟಲಿಗೆ ಟೀ ಸುರಿದು ಸಕ್ಕರೆ ತರಲು ತಿರುಗಿದ್ದಳು. ಮತ್ತೆ ನೋಡಿದರೆ ಬಟ್ಟಲು ಖಾಲಿ. ಸಾಹೇಬರು ಇನ್ನೂ ಕೋಣೆಗೆ ಬಂದೇ ಇರಲಿಲ್ಲ.

ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು. "ನಿನ್ನನ್ನ ನೀರು ಕೇಳಿದ್ಲಾ?"

"ಇಲ್ಲ ಅಜ್ಜಿ."

"ಹಾಗಾದ್ರೆ ನಾಳೆಯಿಂದ ಆ ಮನೆ ಕೆಲಸಕ್ಕೆ ಹೋಗ್ಬೇಡ ಮಗಾ. ಕೇಳೋಕೆ ಮುಂಚೆ ಆಚೆ ಬಂದ್ಬಿಡು... ಅವಳ ಬಾಯಾರಿಕೆ ಇನ್ನೂ ತೀರಿಲ್ಲ."